ಕೈಗೆ ಕೆಲಸ ಕೊಡದೆ ಮನಸ್ಸಿಗೆ ಬುದ್ಧಿ ಹೇಳಬೇಡಿ

ನಮಸ್ಕಾರ. ಹೋದ ಸಂಚಿಕೆಯ ಕೆಳಗೆ ಒಬ್ಬರು ಕಾಮೆಂಟ್ ಹಾಕಿದ್ದಾರೆ. ಕೋವಿಡ್ ಸಮಯದಲ್ಲಿ ಡೆಂಟಲ್ ಓದುತ್ತಿದ್ದವರಿಗೆ ಎಂಥ ಟೆನ್ಷನ್, ಕಾಲೇಜು ಮುಚ್ಚಿತ್ತು, ಮನೆಯಲ್ಲಿ ಮಲಗಿದ್ದರು ಅಷ್ಟೇ, ಅಂತ. ಅದಕ್ಕೆ ಒಂದಷ್ಟು ಜನ ಲೈಕ್ ಬೇರೆ ಒತ್ತಿದ್ದಾರೆ. ನಾನು ಹಲ್ಲಿನ ಡಾಕ್ಟರ್. ಆ ಬ್ಯಾಚುಗಳಿಂದ ಬಂದ ಹುಡುಗ ಹುಡುಗಿಯರ ಜೊತೆ ದಿನಾ ಕೆಲಸ ಮಾಡುತ್ತೇನೆ. ಹಾಗಾಗಿ ಇವತ್ತಿಗೆ ಅಂತ ಬರೆದಿಟ್ಟಿದ್ದ ವಿಷಯ ಪಕ್ಕಕ್ಕಿರಲಿ, ಇದನ್ನೇ ಮಾತಾಡೋಣ.

ನನ್ನ ಮಾತು ಒಂದೇ. ಹಲ್ಲಿನ ಡಾಕ್ಟರ್ ಆಗಲು ಹೊರಟವರಿಗೆ ಧೈರ್ಯ ಬರುವುದು ಕೈಯಿಂದ. ಕೈಗೆ ಕೆಲಸ ತಪ್ಪಿತು, ಮನಸ್ಸು ಕುಸಿಯಿತು. ಸರಿಮಾಡಬೇಕಾದ್ದೂ ಅಲ್ಲೇ.

ಒಂದು ಹಲ್ಲು ಸರಿಮಾಡುವುದು ಅಂದರೇನು ಅಂತ ಬಿಡಿಸಿ ಹೇಳುತ್ತೇನೆ. ಮೇಲ್ದವಡೆಯ ಹಿಂದಿನ ಹಲ್ಲು ನಮಗೆ ನೇರವಾಗಿ ಕಾಣುವುದಿಲ್ಲ. ಪುಟ್ಟ ಕನ್ನಡಿಯಲ್ಲಿ ನೋಡಿಕೊಂಡೇ ಕೊರೆಯಬೇಕು. ಕನ್ನಡಿಯಲ್ಲಿ ಎಲ್ಲಾ ತಿರುವುಮುರುವು. ಕೈಯಲ್ಲಿರುವ ಏರೋಟರ್, ಅಂದರೆ ಹಲ್ಲು ಕೊರೆಯುವ ಯಂತ್ರ, ನಿಮಿಷಕ್ಕೆ 3ರಿಂದ 4 ಲಕ್ಷ ಸುತ್ತು ತಿರುಗುತ್ತಿರುತ್ತದೆ. ಹುಳುಕು ತೆಗೆಯುವಾಗ ಒಂದೆರಡು ಮಿಲಿಮೀಟರ್ ಜಾಸ್ತಿಯಾದರೆ ನರವೇ ತೆರೆದುಕೊಳ್ಳಬಹುದು. ಕೆಳದವಡೆ ಮರಗಟ್ಟಿಸುವ ಇಂಜೆಕ್ಷನ್ ಇದೆಯಲ್ಲ, ಅದರ ಸೂಜಿ 2 ಸೆಂಟಿಮೀಟರಿಗೂ ಜಾಸ್ತಿ ಒಳಗೆ ಹೋಗುತ್ತದೆ. ತುದಿ ಮೂಳೆಗೆ ತಾಗಿದ್ದು ಬೆರಳಿಗೆ ಗೊತ್ತಾಗಬೇಕು. ಇದನ್ನು ಯಾವ ಆನ್‌ಲೈನ್ ಕ್ಲಾಸಿನಲ್ಲಿ ಕಲಿಸುತ್ತೀರಿ, ಹೇಳಿ?

ಈಗ 2020ಕ್ಕೆ ಬನ್ನಿ. ಮಾರ್ಚ್ 11ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಅನ್ನು ಜಾಗತಿಕ ಸಾಂಕ್ರಾಮಿಕ ಅಂತ ಕರೆಯಿತು. ಎರಡೇ ವಾರಕ್ಕೆ, ಮಾರ್ಚ್ 25ಕ್ಕೆ, ಇಂಗ್ಲೆಂಡಿನಲ್ಲಿ ಮಾಮೂಲಿ ಹಲ್ಲಿನ ಚಿಕಿತ್ಸೆ ನಿಂತಿತು. ಜೂನ್ 8ರಿಂದ ಅಲ್ಲಿನ ಕ್ಲಿನಿಕ್‌ಗಳು ಮತ್ತೆ ಬಾಗಿಲು ತೆರೆದವು. ಆದರೆ ಏರೋಟರ್ ಬಳಸಿದ ಮೇಲೆ ಆ ಕೋಣೆಯನ್ನು ಒಂದು ಗಂಟೆಯವರೆಗೂ ಖಾಲಿ ಬಿಡಬೇಕಿತ್ತು. ಅದು ಚಿಮ್ಮಿಸುವ ನೀರಿನ ಜೊತೆ ರೋಗಿಯ ಎಂಜಲಿನ ಸಣ್ಣ ಹನಿಗಳು ಗಾಳಿಯಲ್ಲಿ ನಿಲ್ಲುತ್ತವೆ, ಅದಕ್ಕೆ. ಆಗಸ್ಟ್‌ನಲ್ಲಿ, ಸೋಂಕು ಸಮುದಾಯದಲ್ಲಿ ಹರಡುತ್ತಿರುವ ಕಡೆ ತುರ್ತಲ್ಲದ ಹಲ್ಲಿನ ಕೆಲಸ ಮುಂದಕ್ಕೆ ಹಾಕಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿತು.

ಖಾಸಗಿ ಕ್ಲಿನಿಕ್ ಆದರೆ ಬಾಗಿಲು ಹಾಕಿಕೊಂಡು ಒಬ್ಬರನ್ನು ನೋಡಬಹುದು. ಕಲಿಸುವ ಆಸ್ಪತ್ರೆಯಲ್ಲಿ ಆಗುತ್ತದಾ? ಅಲ್ಲಿರುವುದು ದೊಡ್ಡ ಹಾಲ್, ಸಾಲಾಗಿ ಚೇರ್‌ಗಳು. ಎಷ್ಟೋ ಕಡೆ ನಡುವೆ ಗೋಡೆಯೇ ಇಲ್ಲ. ಒಂದು ಚೇರ್‌ನಲ್ಲಿ ಏರೋಟರ್ ಶುರುವಾದರೆ ಅದು ಪೂರ್ತಿ ಹಾಲ್‌ನ ಗಾಳಿ. ಹಾಗಾಗಿ ಚೇರ್ ಬಿಟ್ಟು ಚೇರ್ ಖಾಲಿ. ರೋಗಿಗಳು ಕಡಿಮೆ. ಹೆಗಲ ಮೇಲಿಂದ ಬಗ್ಗಿ ನೋಡಿ "ಬೆರಳು ಇಲ್ಲಿ ಊರು" ಅಂತ ತೋರಿಸುತ್ತಿದ್ದ ಮೇಷ್ಟ್ರು ಈಗ ದೂರ. ಎನ್95, ಫೇಸ್ ಶೀಲ್ಡ್ ಒಳಗಿಂದ ಅವರ ಮಾತು ಅರ್ಧ ಕೇಳಿಸುತ್ತದೆ.

ಇನ್ನು ಕೋಟಾ. ಇಷ್ಟು ಫಿಲ್ಲಿಂಗ್, ಇಷ್ಟು ರೂಟ್ ಕೆನಾಲ್, ಇಷ್ಟು ಹಲ್ಲು ಕೀಳುವುದು ಮುಗಿಸಿದರೆ ಮಾತ್ರ ಮುಂದಕ್ಕೆ. ರೋಗಿಗಳೇ ಇಲ್ಲದ ಮೇಲೆ ಕೋಟಾ ಮುಗಿಸುವುದು ಹೇಗೆ? ಕೆಲವರು ಪಾಸಾಗುತ್ತೇನೋ ಇಲ್ಲವೋ ಅಂತ ಹೆದರಿದರು. ಇನ್ನು ಕೆಲವರ ಭಯ ಪೂರ್ತಿ ಬೇರೆ. ಇದನ್ನೇ ಯಾರೂ ಕೇಳಿಸಿಕೊಳ್ಳಲಿಲ್ಲ. ಪಾಸ್ ಮಾಡಿಬಿಡುತ್ತಾರೇನೋ ಅಂತ ಅವರ ಭಯ! ಹೆಸರಿನ ಹಿಂದೆ ಡಾಕ್ಟರ್ ಅಂತ ಬರುತ್ತದೆ, ಕೈ ಮಾತ್ರ ಮೂರನೇ ವರ್ಷದಲ್ಲೇ ನಿಂತಿರುತ್ತದೆ. ಎದುರಿಗೆ ಒಬ್ಬರು ನಂಬಿ ಬಾಯಿ ತೆರೆದು ಮಲಗಿರುತ್ತಾರೆ. ರಾತ್ರಿ ನಿದ್ದೆ ಕೆಡಿಸಿದ್ದು ಇದು. ಇದಕ್ಕೆ ಹೆದರದಿದ್ದರೆ ತಪ್ಪು ಅಲ್ವಾ?

ಆಗ ಎಷ್ಟೋ ಕಾಲೇಜುಗಳು ಏನು ಮಾಡಿದವು? ಉಸಿರಾಟದ ವೆಬಿನಾರ್. ಆಮೇಲೆ ಫಾರ್ಮ್ ಮೇಲೆ ಫಾರ್ಮ್. ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9, ಆತಂಕ ಅಳೆಯುವ ಜಿಎಡಿ-7. ಕಳೆದ ಎರಡು ವಾರದಲ್ಲಿ ಎಷ್ಟು ದಿನ ನಿದ್ದೆ ಕೆಟ್ಟಿತು, ಎಷ್ಟು ದಿನ ಆತಂಕ ಆಯಿತು ಅಂತ ಕೇಳುವ ಪಟ್ಟಿಗಳು. ಒಳ್ಳೆಯ ಅಳತೆಗೋಲುಗಳೇ. ಖಿನ್ನತೆ ಇದ್ದವರು ಮನೋವೈದ್ಯರ ಹತ್ತಿರ ಹೋಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ "ಕೊನೆಯ ಸಲ ರೋಗಿಯ ಬಾಯಲ್ಲಿ ಕೈಯಿಟ್ಟು ಎಷ್ಟು ತಿಂಗಳಾಯಿತು" ಅಂತ ಆ ಫಾರ್ಮ್ ಕೇಳುವುದಿಲ್ಲ. ಅದನ್ನು ಕೇಳಬೇಕಾದ್ದು ಕಾಲೇಜು. ಹಸಿದವರಿಗೆ ಊಟ ಬಡಿಸದೆ ಹೊಟ್ಟೆ ಅಳತೆ ತೆಗೆದುಕೊಂಡ ಹಾಗಾಯಿತು.

ಹಾಂ, ಮರೆಯುವ ಮುಂಚೆ. ಚಾನೆಲ್ ಸಬ್‌ಸ್ಕ್ರೈಬ್ ಮಾಡಿಲ್ಲದಿದ್ದರೆ ಮಾಡಿ. ಇಂಥ ವಿಷಯ ಕನ್ನಡದಲ್ಲಿ ಮಾತಾಡುವವರು ಕಡಿಮೆ, ನಿಮ್ಮ ಬೆಂಬಲ ಬೇಕು. ರೂಟ್ ಕೆನಾಲ್ ಬಗ್ಗೆ ಮಾಡಿದ ಸಂಚಿಕೆಯೂ ಅಲ್ಲೇ ಇದೆ.

ಗೊಂಬೆ ತಲೆಯ ಮೇಲೆ ಅಭ್ಯಾಸ ಮಾಡಬಹುದಿತ್ತಲ್ಲ ಅಂತಾರೆ ಕೆಲವರು. ಫ್ಯಾಂಟಮ್ ಹೆಡ್ ಅಂತ ಇರುತ್ತದೆ, ಪ್ಲಾಸ್ಟಿಕ್ ಹಲ್ಲು ಜೋಡಿಸಿದ್ದು. ಶುರುವಿಗೆ ಬೇಕೇ ಬೇಕು. ಆದರೆ ಆ ಗೊಂಬೆಗೆ ನಾಲಿಗೆ ಅಡ್ಡ ಬರುವುದಿಲ್ಲ, ರಕ್ತ ಬರುವುದಿಲ್ಲ. "ಡಾಕ್ಟ್ರೇ, ಇನ್ನೂ ಎಷ್ಟೊತ್ತು?" ಅಂತ ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಕೇಳುವುದೂ ಇಲ್ಲ! ಗೊಂಬೆ ಸಾಕು ಅನ್ನುವವರು ತಮ್ಮ ಹಲ್ಲನ್ನು ಬರೀ ಗೊಂಬೆ ಮೇಲೆ ಕಲಿತವರ ಕೈಗೆ ಕೊಡುತ್ತಾರಾ?

ಐಸಿಯುನಲ್ಲಿದ್ದ ಡಾಕ್ಟರುಗಳಿಗೆ ಇನ್ನೂ ಕಷ್ಟ ಇತ್ತಂತೆ. ಇತ್ತು, ಯಾರು ಇಲ್ಲ ಅಂದರು? ಒಬ್ಬರ ನೋವಿನಿಂದ ಇನ್ನೊಬ್ಬರ ನೋವು ಕಡಿಮೆ ಆಗುತ್ತದಾ? ಸುಮ್ನೆ ವಾದ.

ಕೈಗೆ ಕೆಲಸ ಕೊಡಿ. ಬೇರೇನೂ ಕೇಳುತ್ತಿಲ್ಲ ನಾನು. ಕೋಟಾದ ಲೆಕ್ಕ ಕಡಿಮೆ ಮಾಡಿ ಸರ್ಟಿಫಿಕೇಟ್ ಕೊಟ್ಟಿರಾ? ಹಾಗಾದರೆ ತಪ್ಪಿದ ಚೇರ್ ಸಮಯ ವಾಪಸ್ ಕೊಡಿ. ಪಕ್ಕದಲ್ಲಿ ಹಿರಿಯರೊಬ್ಬರು ನಿಲ್ಲಲಿ, ಶುಲ್ಕ ಕೇಳಬೇಡಿ. ಮುಂದೆ ಇನ್ನೊಂದು ಸಾಂಕ್ರಾಮಿಕ ಬಂದರೆ ಅಂತ ಈಗಲೇ ಹಾಲ್‌ಗಳಲ್ಲಿ ಗೋಡೆ ಕಟ್ಟಿಸಿ, ಗಾಳಿ ಹೊರಹೋಗುವ ವ್ಯವಸ್ಥೆ ಮಾಡಿಸಿ. ದುಡ್ಡಿಲ್ಲ ಅನ್ನಬೇಡಿ. ನನಗೆ ಆ ಮಾತು ಕೇಳುವ ತಾಳ್ಮೆ ಇಲ್ಲ. ಕೈಗೆ ಕೆಲಸ ಕೊಡಿ, ಅಷ್ಟೇ!

ಆ ಬ್ಯಾಚಿನವರು ಯಾರಾದರೂ ಕೇಳುತ್ತಿದ್ದರೆ, ಯಾವ ಕೆಲಸ ಒಮ್ಮೆಯೂ ಕೈಗೆ ಸಿಗದೆ ಹೊರಗೆ ಬಂದಿರಿ ಅಂತ ಬರೆದು ಕಳಿಸಿ. ನಿಮ್ಮ ಹೆಸರು ಬೇಡ, ಕಾಲೇಜಿನ ಹೆಸರೂ ಬೇಡ. ಭಾನುವಾರದ ಲೈವ್‌ನಲ್ಲಿ ಒಂದೊಂದನ್ನೂ ಓದುತ್ತೇನೆ, ಎಷ್ಟು ಹೊತ್ತಾದರೂ ಸರಿ.