ಬೈಯದೆ ಸೂಜಿ ಕೊಟ್ಟವರು

ಎಲ್ಲರಿಗೂ ನಮಸ್ಕಾರ.

ನಿವೃತ್ತರಾಗುತ್ತಿರುವ ನಮ್ಮ ಸಿಸ್ಟರ್ ಬಗ್ಗೆ ನಾಲ್ಕು ಮಾತು ಹೇಳಿ ಅಂದರು. ಸ್ವಲ್ಪ ಕಷ್ಟದ ಕೆಲಸವೇ. ಆಪರೇಷನ್ ಮಾಡಿದ ಡಾಕ್ಟರಿಗೆ ಬದುಕಿದ ರೋಗಿಯನ್ನು ತೋರಿಸಬಹುದು. ಇವರದ್ದು ಎಚ್‌ಐವಿ ತಡೆಯುವ ಕೆಲಸ, ತೋರಿಸುವುದು ಯಾರನ್ನು? ಎಚ್‌ಐವಿ ತಗಲದೆ ಉಳಿದವನಿಗೆ ತಾನು ಉಳಿದದ್ದೇ ಗೊತ್ತಿರುವುದಿಲ್ಲ.

ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈಯಲ್ಲಿ, ಡಾ. ಸುನೀತಿ ಸೊಲೊಮನ್ ಅವರ ತಂಡದಿಂದ. ಎಚ್‌ಐವಿಯನ್ನು ಹತೋಟಿಯಲ್ಲಿಡುವ ಔಷಧಿ, ಅಂದರೆ ಎಆರ್‌ಟಿ, ಸರಕಾರ ಉಚಿತವಾಗಿ ಕೊಡಲು ಶುರು ಮಾಡಿದ್ದು 2004ರಲ್ಲಿ, ಅದೂ ಕೆಲವೇ ಆಸ್ಪತ್ರೆಗಳಲ್ಲಿ. ನಡುವೆ 18 ವರ್ಷ. ಬಡವರ ಕೈಗೆಟುಕುವ ಔಷಧಿಯೇ ಇರಲಿಲ್ಲ. ಸಿಸ್ಟರ್ ಕೆಲಸಕ್ಕೆ ಸೇರಿದ್ದು ಆ ಕಾಲದಲ್ಲಿ.

ಕೇರಳದಲ್ಲಿ ಪರೀಕ್ಷಾ ಕೇಂದ್ರಕ್ಕೆ ಜ್ಯೋತಿಸ್ ಅಂತಾರೆ, ಔಷಧಿ ಕೊಡುವ ಕಡೆಗೆ ಉಷಸ್. ನಮ್ಮ ಕಾಸರಗೋಡಿನಲ್ಲಿ ಅಲ್ಲಿಗೆ ಬರುವವರು ಮಾತಾಡುವುದು ತುಳು, ಕನ್ನಡ, ಮಲಯಾಳ, ಬ್ಯಾರಿ, ಕೊಂಕಣಿ. ಮಂಜೇಶ್ವರದವರು ಪರಿಚಯದವರ ಕಣ್ಣು ತಪ್ಪಿಸಲು ತಲಪಾಡಿ ದಾಟಿ ಮಂಗಳೂರಿಗೆ ಹೋಗುತ್ತಾರೆ. ಅತ್ತಲಿನವರು ಇತ್ತ ಬರುತ್ತಾರೆ. ಫಾರಂ ತುಂಬಿಸಲು ಬೇಕಾದದ್ದು ಬಿಟ್ಟು "ಯಾರ ಮಗ?" ಅಂತ ಸಿಸ್ಟರ್ ಯಾರನ್ನೂ ಕೇಳಲಿಲ್ಲ. ಮದುವೆ ಮನೆಯಲ್ಲಿ ನಮ್ಮ ಮೊದಲ ಪ್ರಶ್ನೆಯೇ ಅದು, ಅಲ್ವಾ?

ಅನುಮತಿ ಇಲ್ಲದೆ ಒಬ್ಬರ ಎಚ್‌ಐವಿ ವಿಷಯ ಇನ್ನೊಬ್ಬರಿಗೆ ಹೇಳಬಾರದು ಅಂತ ಕಾಯ್ದೆ ಬಂದದ್ದು 2017ರಲ್ಲಿ. ಸಿಸ್ಟರ್ ದಾಖಲೆ ಇಡುವ ಬೀರುವಿಗೆ ಅದಕ್ಕೂ ಮೊದಲೇ ಬೀಗ ಇತ್ತು.

ಜಾಸ್ತಿ ಬೈಗುಳ ತಿಂದದ್ದು ಸೂಜಿಯ ವಿಷಯಕ್ಕೆ. ಡ್ರಗ್ಸ್ ಚುಚ್ಚಿಕೊಳ್ಳುವ ಹುಡುಗರಿಗೆ ಸರಕಾರವೇ ಹೊಸ ಸಿರಿಂಜ್ ಕೊಡುವುದಾ? ಕೇಳುವವರು ಒಳ್ಳೆಯವರೇ. ಆದರೆ ಸೂಜಿ ಕೊಡದಿದ್ದರೆ ಅವನು ಸುಮ್ನೆ ಕೂರುವುದಿಲ್ಲ, ಗೆಳೆಯನದ್ದನ್ನೇ ಚುಚ್ಚಿಕೊಳ್ಳುತ್ತಾನೆ. ಅದರಲ್ಲಿ ಉಳಿದ ರಕ್ತದಿಂದ ಎಚ್‌ಐವಿ ಬರುತ್ತದೆ, ಲಿವರ್ ಹಾಳುಮಾಡುವ ಹೆಪಟೈಟಿಸ್ ಸಿ ಇನ್ನೂ ಸುಲಭವಾಗಿ ಬರುತ್ತದೆ. ಹಳೆಯದನ್ನು ವಾಪಸ್ ತಗೊಂಡು ಹೊಸದು ಕೊಟ್ಟರೆ ಆ ದಾರಿ ಮುಚ್ಚುತ್ತದೆ. ಹೀಗೆ ಕೊಟ್ಟದ್ದರಿಂದ ಚಟ ಹೆಚ್ಚಲಿಲ್ಲ ಅಂತ ಹಲವು ದೇಶಗಳ ಅಧ್ಯಯನಗಳು ತೋರಿಸಿವೆ.

ಸೂಜಿಗೆಂದು ಬಂದವನು ಒಂದು ದಿನ ಪರೀಕ್ಷೆಗೂ ಒಪ್ಪುತ್ತಾನೆ. ಆಮೇಲೆ ಬ್ಯುಪ್ರೆನಾರ್ಫಿನ್. ಈ ಮಾತ್ರೆಯನ್ನು ನುಂಗುವುದಲ್ಲ, ನಾಲಿಗೆಯಡಿ ಇಟ್ಟು ಕರಗಿಸುವುದು, ಸಿಬ್ಬಂದಿಯ ಎದುರೇ. ಹೆರಾಯಿನ್ ಬಿಟ್ಟಾಗ ಬರುವ ಮೈಕೈ ನೋವು, ನಡುಕ ಇಳಿಯುತ್ತವೆ. ಚುಚ್ಚಿಕೊಳ್ಳುವ ತುಡಿತ ತಗ್ಗುತ್ತದೆ. "ಒಂದು ಬಿಡಿಸಿ ಇನ್ನೊಂದು ಹಿಡಿಸಿದಿರಿ" ಅನ್ನುವವರು ಇದ್ದಾರೆ. ಮಾತ್ರೆ ಇಟ್ಟುಕೊಂಡು ಕೆಲಸಕ್ಕೆ ಹೋಗುವವನನ್ನು ಅವರು ನೋಡಿಲ್ಲ, ಅಷ್ಟೇ. "ಮೊದಲು ಬಿಟ್ಟು ಬಾ, ಆಮೇಲೆ ನೋಡೋಣ" ಎಂಬ ಮಾತು ಸಿಸ್ಟರ್ ಬಾಯಲ್ಲಿ ಬರಲೇ ಇಲ್ಲ. ಅವರ ಇಡೀ ವೃತ್ತಿಯಲ್ಲಿ ನನಗೆ ಅತಿ ದೊಡ್ಡದಾಗಿ ಕಾಣುವುದು ಇದೇ.

ಗರ್ಭಿಣಿಯರ ವಿಷಯ ಹೇಳದಿದ್ದರೆ ತಪ್ಪಾದೀತು. ಚಿಕಿತ್ಸೆ ಇಲ್ಲದಿದ್ದರೆ ಸೋಂಕಿರುವ 100 ತಾಯಂದಿರಲ್ಲಿ 15ರಿಂದ 45 ಮಂದಿಯ ಮಗುವಿಗೆ ಎಚ್‌ಐವಿ ದಾಟಬಹುದು. ಸರಿಯಾಗಿ ಮಾತ್ರೆ ತಗೊಂಡರೆ ಅದು 5ಕ್ಕಿಂತ ಕೆಳಗಿಳಿಯುತ್ತದೆ.

ಕೊನೆಗೆ ಒಂದು ತಕರಾರು. ಸಿಸ್ಟರ್‌ಗೆ ಪಿಂಚಣಿ ಬರುತ್ತದೆ, ಸಂತೋಷ. ಅವರ ಜೊತೆ ರೈಲ್ವೆ ಹಳಿ, ಲಾಡ್ಜ್, ಬಂದರು ಅಂತ ಸುತ್ತಿದ ಔಟ್‌ರೀಚ್ ಕಾರ್ಯಕರ್ತರು ಗುತ್ತಿಗೆಯವರು, ಅವರಿಗೆ ಅದಿಲ್ಲ. ಈಗ ಹಿಂದಿನ ಸಾಲಿನಲ್ಲಿ ಕೂತಿದ್ದಾರೆ. ಅಧ್ಯಕ್ಷರೇ, ಶಾಲು ಹೊದಿಸುವ ಮೊದಲು ಅವರನ್ನೂ ವೇದಿಕೆಗೆ ಕರೆಯಿರಿ.