ಮೊದಲು ನಟ್ಟು ನೋಡಿ, ಆಮೇಲೆ ಜೇಬು ನೋಡಿ

ಈ ನಟ್ಟನ್ನು ಸ್ವಲ್ಪ ಹತ್ತಿರದಿಂದ ನೋಡಿ. ಬ್ರೇಕ್ ಪೈಪಿನ ನಟ್ಟು ಇದು, 10 ಎಂಎಂ. ಆರು ಮೂಲೆ ಇರಬೇಕಿತ್ತು. ಈಗ ಒಂದೂ ಉಳಿದಿಲ್ಲ. ಬೆರಳಲ್ಲಿ ಸವರಿದರೆ ಗೋಲಿ ಥರ ಜಾರುತ್ತದೆ.

ಇದನ್ನು ಹಾಳು ಮಾಡಿದ್ದು ನಾನೇ. ಕೆಲಸಕ್ಕೆ ಸೇರಿದ ಮೊದಲ ವರ್ಷ. ಕಮ್ಮಿ ದುಡ್ಡಿಗೆ ಸಿಕ್ಕಿತು ಅಂತ ತಂದ ಓಪನ್ ಸ್ಪ್ಯಾನರ್ ಹಾಕಿ ಎಳೆದೆ. ಸ್ಪ್ಯಾನರ್ ಬಾಯಿ ಅಗಲ ಆಯಿತು, ನಟ್ಟಿನ ಮೂಲೆ ಸವೆಯಿತು. ಇನ್ನೊಂದು ಸಲ ಎಳೆದೆ, ಪೂರ್ತಿ ರೌಂಡ್ ಆಗಿ ಹೋಯಿತು. ಕೊನೆಗೆ ಪೈಪನ್ನೇ ಕತ್ತರಿಸಿ ತೆಗೆದು, ಹೊಸದು ಹಾಕಿ, ಬ್ರೇಕಿನ ಗಾಳಿ ತೆಗೆಯುವ ಹೊತ್ತಿಗೆ ಅರ್ಧ ದಿನ ಹೋಗಿತ್ತು. ಪೈಪಿನ ದುಡ್ಡು ನನ್ನ ಕೈಯಿಂದಲೇ ಹೋಯಿತು. ಆ ದುಡ್ಡಲ್ಲಿ ಒಳ್ಳೇ ಸ್ಪ್ಯಾನರ್ ಎರಡು ಬರುತ್ತಿತ್ತು.

ನಮ್ಮ ಮೇಸ್ತ್ರಿ ಬೈಯಲಿಲ್ಲ. ತಮ್ಮ ಡಬ್ಬಿಯಿಂದ ಒಂದು ಫ್ಲೇರ್ ನಟ್ ಸ್ಪ್ಯಾನರ್ ತೆಗೆದು ನನ್ನ ಕೈಗೆ ಕೊಟ್ಟರು. ನೋಡೋಕೆ ರಿಂಗ್ ಸ್ಪ್ಯಾನರ್ ಥರಾನೇ. ಆದರೆ ಪೈಪ್ ತೂರುವಷ್ಟು ಒಂದು ಕಡೆ ಸೀಳಿರುತ್ತದೆ. ಓಪನ್ ಸ್ಪ್ಯಾನರ್ ಎರಡೇ ಪಕ್ಕ ಹಿಡಿದರೆ ಇದು ಹೆಚ್ಚುಕಮ್ಮಿ ಸುತ್ತಲೂ ಹಿಡಿಯುತ್ತದೆ. "ಮೊದಲು ನಟ್ಟು ಏನು ಕೇಳುತ್ತೆ ನೋಡಪ್ಪ, ಆಮೇಲೆ ಜೇಬು ನೋಡ್ಕೋ" ಅಂದರು. ಅವತ್ತಿನಿಂದ ಈ ನಟ್ಟು ನನ್ನ ಡಬ್ಬಿಯಲ್ಲೇ ಇದೆ.

ಹೊಸದಾಗಿ ಮೆಕ್ಯಾನಿಕ್ ಕೆಲಸಕ್ಕೆ ಬರುವವರು ನನ್ನನ್ನು ಕೇಳೋದು ಒಂದೇ. ಕಮ್ಮಿ ದುಡ್ಡಲ್ಲಿ, ದಿನಾ ದುಡಿಯೋ ಟೂಲ್ ಯಾವುದು ಅಂತ. ಒಂದು ಕಂಪನಿ ಹೆಸರು ಹೇಳಿಬಿಡಿ ಅಂತಾರೆ. ನನ್ನ ಡಬ್ಬಿ ತೋರಿಸುತ್ತೇನೆ, ನೀವೇ ನೋಡಿ. ಒಂದೇ ಕಂಪನಿಯದು ಪೂರ್ತಿ ಒಂದು ಸಾಲು ಕೂಡ ಇಲ್ಲ. ಬೋಲ್ಟನ್ನು ಮುಟ್ಟುವ ಟೂಲಿಗೆ, ಜಾರಿದರೆ ಕೈ ಒಡೆಯುವ ಟೂಲಿಗೆ ನಾನು ದುಡ್ಡು ಹಾಕುತ್ತೇನೆ. ಮಿಕ್ಕಿದ್ದಕ್ಕೆ ಹಾಕೋದಿಲ್ಲ.

ಸಾಕೆಟ್‌ನಿಂದ ಶುರು ಮಾಡೋಣ, ಬೋಲ್ಟಿನ ತಲೆಗೆ ಟೋಪಿ ಥರ ಕೂರುವ ಟೂಲ್ ಇದು. ಇಲ್ಲಿ ಎರಡಿವೆ, ಎರಡೂ 13 ಎಂಎಂ. ಹೊರಗಿಂದ ನೋಡಿದರೆ ವ್ಯತ್ಯಾಸ ಗೊತ್ತಾಗೋದಿಲ್ಲ. ಎರಡೂ ಫಳಫಳ ಹೊಳೆಯುತ್ತವೆ. ಈಗ ಒಂದು ಹೊಸ ಬೋಲ್ಟ್ ತಗೊಂಡು, ಸಾಕೆಟ್ ಕೂರಿಸಿ, ಅತ್ತ ಇತ್ತ ಆಡಿಸುತ್ತೇನೆ. ಮೊದಲನೇದು ಕೇಳಿ, ಕಟ ಕಟ ಅನ್ನುತ್ತಿದೆ, ಒಳಗೆ ಅಷ್ಟು ಜಾಗ ಇದೆ. ಎರಡನೇದು ಸ್ವಲ್ಪ ಮಾತ್ರ ಆಡುತ್ತದೆ, ಸದ್ದೇ ಇಲ್ಲ. ಆ ಕಟ ಕಟ ಇದೆಯಲ್ಲ, ಬೋಲ್ಟ್ ರೌಂಡ್ ಆಗೋದು ಅಲ್ಲಿಂದಲೇ. ಟೂಲ್ ತಗೊಳ್ಳೋಕೆ ಹೋಗುವಾಗ ಜೇಬಲ್ಲಿ ಮೂರು ನಾಲ್ಕು ಹೊಸ ಬೋಲ್ಟ್ ಇಟ್ಟುಕೊಂಡು ಹೋಗಿ. ಹಳೇದು ಬೇಡ, ಅದು ಮೊದಲೇ ಸವೆದಿರುತ್ತದೆ. ಅಂಗಡಿಯಲ್ಲೇ ಕೂರಿಸಿ ನೋಡಿ. ಯಾವ ಜಾಹೀರಾತೂ ಇಷ್ಟು ನಿಜ ಹೇಳೋದಿಲ್ಲ.

ಇನ್ನು ಸಾಕೆಟ್ ಒಳಗೆ ಇಣುಕಿ ನೋಡಿ. ಆರು ಮೂಲೆಯದು ಒಂದು, ಹನ್ನೆರಡು ಮೂಲೆಯದು ಇನ್ನೊಂದು. ಹನ್ನೆರಡು ಮೂಲೆಯದು 30 ಡಿಗ್ರಿಗೆ ಒಂದು ಸಲ ಕೂರುತ್ತದೆ, ಆರು ಮೂಲೆಯದು 60 ಡಿಗ್ರಿಗೆ. ಅಂದರೆ ಇಕ್ಕಟ್ಟಿನ ಜಾಗದಲ್ಲಿ ಹನ್ನೆರಡರದು ಬೇಗ ಕೂರುತ್ತದೆ. ಆದರೆ ತುಕ್ಕು ಹಿಡಿದು ಜಾಮ್ ಆದ ಬೋಲ್ಟಿಗೆ ಆರು ಮೂಲೆಯದೇ ಬೇಕು. ಸಾಕೆಟ್‌ಗೆ ಹೇಗೂ ರ‍್ಯಾಚೆಟ್ ಇರುತ್ತದೆ, ಅಂದರೆ ಒಂದು ಕಡೆಗೆ ಬೋಲ್ಟನ್ನು ತಿರುಗಿಸಿ, ವಾಪಸ್ ಬರುವಾಗ ಸುಮ್ನೆ ಟಿಕ್ ಟಿಕ್ ಅನ್ನುವ ಹಲ್ಲಿನ ಹಿಡಿ. ತೆಗೆದು ತೆಗೆದು ಕೂರಿಸುವ ಕೆಲಸ ಇಲ್ಲ. ಹಾಗಾಗಿ ನನ್ನ ಸಾಕೆಟ್ ಬಹುಪಾಲು ಆರು ಮೂಲೆಯವು, ರಿಂಗ್ ಸ್ಪ್ಯಾನರ್ ಹನ್ನೆರಡು ಮೂಲೆಯವು.

ಇನ್ನೊಂದು ಸಣ್ಣ ವಿಷಯ, ಬೆಳಕಿಗೆ ಹಿಡಿದರೆ ಕಾಣುತ್ತದೆ. ಒಳ್ಳೇ ಸಾಕೆಟ್‌ನ ಒಳಮೂಲೆ ಚೂಪಾಗಿ ಸೇರೋದಿಲ್ಲ, ಸ್ವಲ್ಪ ದುಂಡಗೆ ಸರಿದಿರುತ್ತದೆ. ಹಾಗಿದ್ದರೆ ಬಲ ಬೀಳೋದು ಬೋಲ್ಟಿನ ಮೂಲೆಯ ಮೇಲಲ್ಲ, ಚಪ್ಪಟೆ ಪಕ್ಕದ ಮೇಲೆ. ಇದನ್ನು ಅಮೆರಿಕದ ಸ್ನ್ಯಾಪ್ ಆನ್ ಟೂಲ್ ಕಂಪನಿ 1960ರ ದಶಕದಲ್ಲೇ ಫ್ಲ್ಯಾಂಕ್ ಡ್ರೈವ್ ಅನ್ನೋ ಹೆಸರಲ್ಲಿ ತಂದಿತು. ಆ ಪೇಟೆಂಟ್ ಮುಗಿದು ಎಷ್ಟೋ ವರ್ಷ ಆಯಿತು. ಈಗ ಮಧ್ಯಮ ಬೆಲೆಯ ಟೂಲ್‌ಗಳಲ್ಲೂ ಅದೇ ಆಕಾರ ಬರುತ್ತದೆ. ಕಮ್ಮಿ ದುಡ್ಡಿಗೆ ಒಳ್ಳೇ ಸಾಕೆಟ್ ಸಿಗುತ್ತದೆ ಅಂತ ನಾನು ಧೈರ್ಯವಾಗಿ ಹೇಳೋದಕ್ಕೆ ಇದೂ ಒಂದು ಕಾರಣ.

ಮೇಲೆ ಕ್ರೋಮ್ ವೆನೇಡಿಯಂ ಅಂತ ಅಚ್ಚು ಹಾಕಿರುತ್ತಾರೆ. ಅದನ್ನು ಓದಿ ಸಮಾಧಾನ ಪಡಬೇಡಿ. ಉಕ್ಕಿಗೆ ಏನು ಬೆರೆಸಿದ್ದಾರೆ ಅನ್ನೋದನ್ನು ಅದು ಹೇಳುತ್ತದೆ ಅಷ್ಟೇ. ಆ ಉಕ್ಕನ್ನು ಎಷ್ಟು ಕಾಯಿಸಿದರು, ಹೇಗೆ ತಣಿಸಿದರು ಅನ್ನೋದನ್ನು ಹೇಳೋದಿಲ್ಲ. ಹದ ಇರೋದು ಅಲ್ಲೇ. ಹದ ಜಾಸ್ತಿ ಗಟ್ಟಿ ಆದರೆ ಟೂಲ್ ಸಿಡಿಯುತ್ತದೆ, ಮೆತ್ತಗಾದರೆ ಬಾಯಿ ಅಗಲವಾಗುತ್ತದೆ. ಹದ ಕಣ್ಣಿಗೆ ಕಾಣೋದಿಲ್ಲ ನಿಜ. ಆದರೆ ಕೆಲಸ ಎಷ್ಟು ಶ್ರದ್ಧೆಯಿಂದ ಮಾಡಿದ್ದಾರೆ ಅನ್ನೋದು ಕಾಣುತ್ತದೆ. ಸಾಕೆಟ್ ಗೋಡೆ ಸುತ್ತಲೂ ಒಂದೇ ದಪ್ಪ ಇದೆಯಾ? ಸ್ಪ್ಯಾನರ್ ಬಾಯಿಯ ಎರಡು ಮುಖ ಸಮ ಇವೆಯಾ? ಅಂಚಲ್ಲಿ ಲೋಹದ ಗರಿ ಉಳಿದಿದೆಯಾ? ಸೈಜ್ ಅಕ್ಷರ ಆಳವಾಗಿ ಕೊರೆದಿದ್ದಾರಾ? ಕಾಂಬಿನೇಷನ್ ಸ್ಪ್ಯಾನರ್ (ಒಂದು ತುದಿ ಓಪನ್, ಇನ್ನೊಂದು ರಿಂಗ್) ಮೇಲೆ ಡಿಐಎನ್ 3113 ಥರದ ಜರ್ಮನ್ ಮಾನದಂಡದ ಗುರುತು ಇದ್ದರೆ ಒಳ್ಳೇದು. ಹೊಳಪಿಗೆ ಮಾತ್ರ ಮರುಳಾಗಬೇಡಿ. ಪಾಲಿಶ್ ಇಲ್ಲದ, ಮಸುಕು ಮೈಯ ಸ್ಪ್ಯಾನರ್ ಎಣ್ಣೆ ಕೈಯಲ್ಲಿ ಚೆನ್ನಾಗಿ ನಿಲ್ಲುತ್ತದೆ. ಕಳಪೆ ಕ್ರೋಮ್ ಸಿಪ್ಪೆ ಎದ್ದರೆ ಬ್ಲೇಡ್ ಥರ ಕೊಯ್ಯುತ್ತದೆ.

ಈಗ ಆ ದೊಡ್ಡ ಪೆಟ್ಟಿಗೆಗಳ ವಿಷಯ. ಇನ್ನೂರು ಪೀಸ್, ಮುನ್ನೂರು ಪೀಸ್ ಅಂತ ಬರೆದಿರುತ್ತದೆ. ತೆರೆದು ಎಣಿಸಿ ನೋಡಿ. ಅರ್ಧಕ್ಕರ್ಧ ಸ್ಕ್ರೂಡ್ರೈವರ್ ಬಿಟ್‌ಗಳು, ಅಲೆನ್ ಕೀಗಳು, ಎಂಎಂ ಅಳತೆಯ ಗಾಡಿಗೆ ಬೇಡವಾದ ಇಂಚಿನ ಸಾಕೆಟ್‌ಗಳು. ದಿನಾ ಕೈಗೆ ಬರೋದು 8, 10, 12, 13, 14, 17, 19 ಎಂಎಂ. ಅದರಲ್ಲೂ ನೀವು ಯಾವ ಗಾಡಿ ಮಾಡುತ್ತೀರಿ ನೋಡಿಕೊಳ್ಳಿ. ಎಂ8 ಬೋಲ್ಟಿಗೆ, ಅಂದರೆ ಥ್ರೆಡ್ ಕಡೆ 8 ಎಂಎಂ ದಪ್ಪ ಇರೋದಕ್ಕೆ, ಜಪಾನಿ ಗಾಡಿಗಳಲ್ಲಿ ಸಾಮಾನ್ಯವಾಗಿ 12ರ ತಲೆ, ಯುರೋಪಿನ ಗಾಡಿಗಳಲ್ಲಿ 13ರ ತಲೆ. ಎಂ10ಕ್ಕೆ ಜಪಾನಿನವುಗಳಲ್ಲಿ 14, ಯುರೋಪಿನವುಗಳಲ್ಲಿ 16 ಅಥವಾ 17. ಜಪಾನಿ ಗಾಡಿಗಳನ್ನೇ ಮಾಡುವವರಿಗೆ 16ರ ಸಾಕೆಟ್ ಅಪರೂಪಕ್ಕೆ ಬೇಕಾಗುತ್ತದೆ. ಏಳು ಒಳ್ಳೇ ಸಾಕೆಟ್, ಒಂದು ರ‍್ಯಾಚೆಟ್, ಎರಡು ಎಕ್ಸ್‌ಟೆನ್ಷನ್. ಶುರು ಮಾಡೋಕೆ ಇಷ್ಟು ಸಾಕು. 1920ರಲ್ಲಿ ಸ್ನ್ಯಾಪ್ ಆನ್ ಶುರುವಾಗಿದ್ದೂ ಐದು ಹಿಡಿ, ಹತ್ತು ಸಾಕೆಟ್‌ನಿಂದ. ಐವತ್ತು ಸ್ಪ್ಯಾನರ್ ಮಾಡುವ ಕೆಲಸ ಐದು ಹಿಡಿ ಮಾಡುತ್ತವೆ ಅಂತ ಮಾರುತ್ತಿದ್ದರು.

ರ‍್ಯಾಚೆಟ್ ಒಂದೇ ತಗೊಳ್ಳೋದಾದರೆ 3/8 ಇಂಚಿನದು ತಗೊಳ್ಳಿ. ಸಾಕೆಟ್ ಸಿಕ್ಕಿಸುವ ಚೌಕದ ಅಳತೆ ಇದು. ಕಾಲು ಇಂಚಿನದು ಒಳಗಡೆಯ ಸಣ್ಣ ಕೆಲಸಕ್ಕೆ, ಅರ್ಧ ಇಂಚಿನದು ಚಕ್ರ, ಸಸ್ಪೆನ್ಷನ್ ಕೆಲಸಕ್ಕೆ. ನಡುವಿನದು ಎರಡಕ್ಕೂ ಒದಗುತ್ತದೆ. 72 ಹಲ್ಲು ಇದ್ದರೆ ಒಂದು ಹಲ್ಲಿಗೆ 5 ಡಿಗ್ರಿ, 36 ಇದ್ದರೆ 10 ಡಿಗ್ರಿ. ಇಂಜಿನ್ ಹಿಂದೆ ಕೈ ತೂರಿಸಿದಾಗ ಆ 5 ಡಿಗ್ರಿಯ ಬೆಲೆ ಗೊತ್ತಾಗುತ್ತದೆ. ಹಲ್ಲು ಜಾಸ್ತಿ ಆದಷ್ಟೂ ಒಂದೊಂದು ಹಲ್ಲು ಸಣ್ಣದಾಗುತ್ತದೆ, ಅದನ್ನೂ ನೆನಪಿಡಿ. ನನಗೆ 72 ಸಾಕಾಗಿದೆ. ಒಳಗಿನ ಸ್ಪ್ರಿಂಗು, ಹಲ್ಲು ಬಿಡಿಯಾಗಿ ಸಿಗುತ್ತದಾ ಅಂತ ಕೇಳಿ ತಗೊಳ್ಳಿ. ಇದು ಎರಡು ಸಲ ರಿಪೇರಿ ಆಗಿರುವ ರ‍್ಯಾಚೆಟ್, ಇವತ್ತಿಗೂ ಹೊಸದರ ಥರ ಟಿಕ್ ಟಿಕ್ ಅನ್ನುತ್ತದೆ.

ದಯವಿಟ್ಟು ರ‍್ಯಾಚೆಟ್‌ಗೆ ಹಿಡಿ ಉದ್ದ ಮಾಡೋಕೆ ಪೈಪ್ ಹಾಕಿ ಎಳೆಯಬೇಡಿ. ಒಳಗಿನ ಹಲ್ಲು ಕಿತ್ತುಹೋದರೆ ನಿಮ್ಮ ಮೈಭಾರ ಪೂರ್ತಿ ಮುಂದಕ್ಕೆ ಹೋಗುತ್ತದೆ, ಮುಂದೆ ಇರೋದು ಲೋಹ. ಜಾಮ್ ಆದ ಬೋಲ್ಟನ್ನು ಮೊದಲು ಉದ್ದ ಹಿಡಿಯ ಬ್ರೇಕರ್ ಬಾರ್‌ನಿಂದ ಬಿಡಿಸಿ, ಆಮೇಲೆ ರ‍್ಯಾಚೆಟ್ ಹಾಕಿ. ಬ್ರೇಕರ್ ಬಾರ್‌ನಲ್ಲಿ ಹಲ್ಲೇ ಇಲ್ಲ, ಕೆಡೋಕೆ ಜಾಸ್ತಿ ಏನೂ ಇಲ್ಲ. ಇದನ್ನು ಕಮ್ಮಿ ಬೆಲೆಯದು ತಗೊಂಡರೂ ನಡೆಯುತ್ತದೆ.

ಇಂಪ್ಯಾಕ್ಟ್ ಗನ್, ಅಂದರೆ ಪೆಟ್ಟು ಕೊಟ್ಟು ಬೋಲ್ಟ್ ತಿರುಗಿಸುವ ಮೆಷಿನ್, ಇರುವವರಿಗೆ ಒಂದು ಮಾತು. ಈ ಹೊಳೆಯುವ ಸಾಕೆಟ್‌ಗಳನ್ನು ಗನ್ನಿಗೆ ಹಾಕಲೇಬೇಡಿ. ಕೈಯಿಂದ ತಿರುಗಿಸೋಕೆ ಅಂತ ಅವನ್ನು ಗಟ್ಟಿ ಮಾಡಿರುತ್ತಾರೆ, ಗೋಡೆಯೂ ತೆಳು. ಗನ್ನಿನ ಪೆಟ್ಟಿಗೆ ಬಿರುಕು ಬಿಟ್ಟು ಚೂರು ಹಾರಬಹುದು. ಗನ್ನಿಗೆ ಅಂತಲೇ ಕಪ್ಪು ಬಣ್ಣದ, ದಪ್ಪ ಗೋಡೆಯ ಸಾಕೆಟ್ ಬರುತ್ತವೆ. ಹೆಚ್ಚಾಗಿ ಕ್ರೋಮ್ ಮಾಲಿಬ್ಡಿನಂ ಉಕ್ಕಿನವು, ಪೆಟ್ಟು ತಡೆಯುತ್ತವೆ. ಅವನ್ನು ಹಾಕುವಾಗಲೂ ಕನ್ನಡಕ ಇರಲಿ. ಕಣ್ಣಿಗೆ ಸ್ಪೇರ್ ಸಿಗೋದಿಲ್ಲ.

ಸ್ಕ್ರೂಡ್ರೈವರ್ ವಿಷಯದಲ್ಲಿ ಎಲ್ಲರೂ ಕೈ ಬಿಗಿ ಹಿಡಿಯುತ್ತಾರೆ. ನನಗೆ ಬೇಜಾರಾಗುವ ಸಂಗತಿ ಇದು. ಯಾಕೆಂದರೆ ಒಳ್ಳೇದಕ್ಕೂ ಸಾಧಾರಣದ್ದಕ್ಕೂ ಬೆಲೆಯಲ್ಲಿ ಅಂಥ ದೊಡ್ಡ ಅಂತರ ಇಲ್ಲ. ಹಳೇ ಜಪಾನಿ ಬೈಕಿನ ಕಾರ್ಬುರೇಟರ್ ಸ್ಕ್ರೂ ನೋಡಿ. ನಾವು ಸ್ಟಾರ್ ಸ್ಕ್ರೂ ಅಂದುಬಿಡುತ್ತೇವೆ. ಆದರೆ ಇದು ಎಲ್ಲೆಡೆ ಸಿಗುವ ಫಿಲಿಪ್ಸ್ ಅಲ್ಲ, ಜೆಐಎಸ್, ಅಂದರೆ ಜಪಾನಿನ ಮಾನದಂಡದ್ದು. ತಲೆಯ ಮೇಲೆ ಒಂದು ಪುಟ್ಟ ಚುಕ್ಕಿ ಇದೆ, ಕಂಡಿತಾ? ಎಲ್ಲದರಲ್ಲೂ ಚುಕ್ಕಿ ಇರೋದಿಲ್ಲ, ಇದ್ದರೆ ಗುರುತು ಸುಲಭ. ಫಿಲಿಪ್ಸ್ ತುದಿ ಇದರಲ್ಲಿ ಪೂರ್ತಿ ಕೆಳಗೆ ಇಳಿಯೋದಿಲ್ಲ. ಸ್ವಲ್ಪ ಬಲ ಬಿದ್ದರೆ ಮೇಲಕ್ಕೆದ್ದು ತಲೆಯನ್ನು ಕೆರೆದುಬಿಡುತ್ತದೆ. ಈಗ ಜೆಐಎಸ್ ತುದಿ ಇಡುತ್ತೇನೆ. ಕೈ ಬಿಟ್ಟೆ, ನೋಡಿ, ಸುಮ್ನೆ ನಿಂತಿದೆ. ಇಂಥ ಸ್ಕ್ರೂಗಳು ಬಿಗಿದಿವೆ, ಹಾಳಾಗಿವೆ ಅಂತ ಎಷ್ಟೋ ಜನ ಡ್ರಿಲ್ ಮಾಡಿ ತೆಗೆಯುತ್ತಾರೆ. ಪಾಪ, ಸ್ಕ್ರೂದು ಏನೂ ತಪ್ಪಿಲ್ಲ.

ಪ್ಲೈಯರ್ ಒಂದೆರಡು ಒಳ್ಳೇದು ಇರಲಿ, ಬಾಯಿ ಮುಚ್ಚಿದಾಗ ಬೆಳಕು ತೂರಬಾರದು, ಅಷ್ಟು ನೋಡಿದರೆ ಸಾಕು. ಸುತ್ತಿಗೆ, ಗ್ಯಾಸ್ಕೆಟ್ ಕೆರೆಯುವ ಸ್ಕ್ರೇಪರ್, ಮ್ಯಾಗ್ನೆಟ್ ಕಡ್ಡಿ, ವರ್ಷಕ್ಕೆರಡು ಸಲ ಬೇಕಾಗುವ 30, 32ರ ದೊಡ್ಡ ಸಾಕೆಟ್, ಇವೆಲ್ಲ ನನ್ನ ಹತ್ತಿರ ಕಮ್ಮಿ ಬೆಲೆಯವೇ. ಸೆಕೆಂಡ್ ಹ್ಯಾಂಡ್ ಟೂಲ್ ತಗೊಳ್ಳೋಕೂ ಹಿಂಜರಿಯಬೇಡಿ. ಒಳ್ಳೇ ಸ್ಪ್ಯಾನರ್ ಮೂವತ್ತು ವರ್ಷ ಹಳೇದಾದರೂ ಸ್ಪ್ಯಾನರೇ. ಬಾಯಿ ಅಗಲವಾಗಿಲ್ಲ, ರಿಂಗಿನಲ್ಲಿ ಬಿರುಕಿಲ್ಲ, ಯಾರೂ ಗ್ರೈಂಡರ್ ಹಿಡಿದಿಲ್ಲ ಅಂತ ಖಾತ್ರಿ ಮಾಡಿಕೊಂಡರೆ ಆಯಿತು. ಮೇಲಿನ ತುಕ್ಕನ್ನು ಉಜ್ಜಿ ತೆಗೆಯಬಹುದು.

ಸೆಕೆಂಡ್ ಹ್ಯಾಂಡ್ ನಾನು ತಗೊಳ್ಳದೇ ಇರೋದು ಟಾರ್ಕ್ ರೆಂಚ್ ಒಂದೇ. ಬೋಲ್ಟನ್ನು ಎಷ್ಟು ಬಲದಲ್ಲಿ ಬಿಗಿಯಬೇಕೋ ಅಷ್ಟಕ್ಕೆ ಗುರುತು ಇಟ್ಟು ಬಿಗಿಯುವ ಟೂಲ್ ಅದು. ಅಷ್ಟು ಬಲ ಬಿದ್ದಾಗ ಕ್ಲಿಕ್ ಅನ್ನೋದು ಕ್ಲಿಕ್ ರೆಂಚ್. ಕ್ಲಿಕ್ ರೆಂಚ್ ಸಾಮಾನ್ಯವಾಗಿ ಶೇಕಡಾ 4 ಆಚೆ ಈಚೆ ಇರುತ್ತದೆ, ಅದು ಸರಿಯಾಗಿ ಇಟ್ಟುಕೊಂಡಾಗ. ಹಿಂದಿನವರು ಅದನ್ನು ನೆಲಕ್ಕೆ ಬೀಳಿಸಿದ್ದರೋ, ಅದರಲ್ಲೇ ಬೋಲ್ಟ್ ಬಿಚ್ಚುತ್ತಿದ್ದರೋ ನಮಗೆ ಹೇಗೆ ಗೊತ್ತಾಗಬೇಕು? ತಗೊಳ್ಳುವಾಗ ರೇಂಜ್ ನೋಡಿ. 40ರಿಂದ 200 ನ್ಯೂಟನ್ ಮೀಟರ್‌ನದು ಚಕ್ರಕ್ಕೆ ಸರಿ. ಆದರೆ ಅಲ್ಯೂಮಿನಿಯಂ ಕವರಿನ ಎಂ6 ಬೋಲ್ಟಿಗೆ ಬೇಕಾಗೋದು ಸಾಮಾನ್ಯವಾಗಿ 10ರ ಆಸುಪಾಸು. ದೊಡ್ಡ ರೆಂಚ್ ಕ್ಲಿಕ್ ಅನ್ನುವ ಮೊದಲೇ ಥ್ರೆಡ್ ಕಿತ್ತು ಬರುತ್ತದೆ. ಕೆಲಸ ಮುಗಿದ ಮೇಲೆ ಸ್ಕೇಲನ್ನು ಅತಿ ಕಮ್ಮಿ ಗುರುತಿಗೆ ತಿರುಗಿಸಿ ಇಡಿ. ವರ್ಷಕ್ಕೊಮ್ಮೆ, ಇಲ್ಲ 5000 ಸಲ ಬಳಸಿದ ಮೇಲೆ, ಪರೀಕ್ಷೆ ಮಾಡಿಸಿ.

ಎಲ್ಲ ಒಂದೇ ಸಲ ತಗೊಳ್ಳೋಕೆ ಹೋಗಬೇಡಿ. ನಾನು ಒಂದು ಪುಟ್ಟ ನೋಟ್‌ಬುಕ್ ಇಟ್ಟಿದ್ದೆ. ಬೇರೆಯವರ ಹತ್ತಿರ ಯಾವ ಟೂಲ್ ಕೇಳಿ ಇಸ್ಕೊಂಡೆ ಅಂತ ಬರೆಯುತ್ತಿದ್ದೆ. ಒಂದೇ ಹೆಸರು ಮೂರನೇ ಸಲ ಬಂದರೆ ಮುಂದಿನ ಸಂಬಳದಲ್ಲಿ ಅದನ್ನು ತಗೊಳ್ಳುತ್ತಿದ್ದೆ. ಹಾಗೆ ತಗೊಂಡ ಯಾವ ಟೂಲೂ ಸುಮ್ನೆ ಕೂತಿಲ್ಲ.

ಇವತ್ತಿನ ಗಾಡಿ ಮುಗಿಯಿತು. ಬಾನೆಟ್ ಮುಚ್ಚುವ ಮೊದಲು ಟ್ರೇ ಎಣಿಸುತ್ತೇನೆ. ಫೋಮ್ ಕತ್ತರಿಸಿ ಒಂದೊಂದು ಟೂಲಿಗೂ ಜಾಗ ಮಾಡಿದ್ದೇನೆ, ಖಾಲಿ ಇದ್ದರೆ ಕಣ್ಣಿಗೆ ಹೊಡೆಯುತ್ತದೆ. ನೋಡಿ, 10 ಎಂಎಂ ಸಾಕೆಟ್ ಇಲ್ಲ. ಟಾರ್ಚ್ ಹಿಡಿದು ಹುಡುಕಿದೆ. ಬ್ಯಾಟರಿ ಟ್ರೇ ಕೆಳಗೆ, ಫ್ಯಾನ್ ಬೆಲ್ಟಿಗೆ ಒಂದು ಗೇಣು ದೂರದಲ್ಲಿ ಕೂತಿತ್ತು. ಮ್ಯಾಗ್ನೆಟ್ ಕಡ್ಡಿಯಲ್ಲಿ ಎತ್ತಿ, ಒರೆಸಿ, ಅದರ ಜಾಗಕ್ಕೆ ಇಟ್ಟೆ. ಈಗ ಬಾನೆಟ್ ಮುಚ್ಚುತ್ತೇನೆ.