ಶುಗರ್ ಇದ್ದವರ ಕೆಮ್ಮು

ಕೇಳುಗರೆಲ್ಲರಿಗೂ ನಮಸ್ಕಾರ.

ಮಲೆನಾಡಿನಲ್ಲಿ ಕೆಮ್ಮಿಗೆ ಕಾರಣ ಹುಡುಕಿಕೊಂಡು ಹೋಗಬೇಕಿಲ್ಲ. ಆಗುಂಬೆ, ಹೊಸನಗರದ ಕಡೆ ಮಳೆ ಹಿಡಿದರೆ ಥಂಡಿ ಅಂತೀವಿ. ಮಳೆ ಬಿಟ್ಟು ಅಡಿಕೆ ಸುಲಿತ ಶುರುವಾದರೆ ಧೂಳು ಅಂತೀವಿ. ಬಚ್ಚಲ ಒಲೆಯ ಹೊಗೆ ಇದೆ, ಬೀಡಿ ಇದೆ. ಹೀಗೆ ಒಂದಲ್ಲ ಒಂದು ನೆಪ ಸಿಕ್ಕಿ ಕೆಮ್ಮು ತಿಂಗಳುಗಟ್ಟಲೆ ಉಳಿದುಬಿಡುತ್ತದೆ. ಕೆಮ್ಮುವವರಿಗೆ ಸಕ್ಕರೆ ಕಾಯಿಲೆಯೂ ಇದ್ದರಂತೂ ಮುಗಿಯಿತು. ಯಜಮಾನರು ಸೊರಗಿದರಾ? ಶುಗರ್. ಸುಸ್ತಾ? ಶುಗರ್. ರಾತ್ರಿ ಮೈ ಬೆವರುತ್ತದಾ? ಶುಗರ್ ಇಳಿದಿರಬೇಕು. ಸುಳ್ಳೇನಲ್ಲ, ಮೂರೂ ಶುಗರ್‌ನಿಂದ ಆಗಬಹುದು. ಆದರೆ ಮೂರೂ ಟಿಬಿಯಿಂದಲೂ ಆಗಬಹುದು. ಇವೆರಡೂ ಒಂದೇ ಮೈಯಲ್ಲಿ ಸೇರಿದಾಗ ಒಂದರ ಮರೆಯಲ್ಲಿ ಇನ್ನೊಂದು ಅಡಗುತ್ತದೆ.

ಸಕ್ಕರೆ ಕಾಯಿಲೆ ಇದ್ದವರಿಗೆ ಟಿಬಿ ಬರುವ ಸಾಧ್ಯತೆ ಉಳಿದವರಿಗಿಂತ ಎರಡರಿಂದ ಮೂರು ಪಟ್ಟು ಜಾಸ್ತಿ. ನಮ್ಮ ದೇಶದಲ್ಲಿ ಎಷ್ಟೋ ಜನರ ಮೈಯೊಳಗೆ ಟಿಬಿ ರೋಗಾಣು ಸದ್ದಿಲ್ಲದೆ ಇರುತ್ತದೆ. ಅದನ್ನು ಏಳಗೊಡದೆ ಇಟ್ಟಿರುವುದು ನಮ್ಮ ರೋಗನಿರೋಧಕ ಕಣಗಳು. ಸಕ್ಕರೆ ಬಹಳ ಕಾಲ ಹತೋಟಿ ತಪ್ಪಿದರೆ ಆ ಕಣಗಳ ಕೆಲಸ ನಿಧಾನವಾಗುತ್ತದೆ. ಟಿಬಿ ಬಡವರದು, ಶುಗರ್ ಉಳ್ಳವರದು ಎಂಬ ಹಳೇ ಲೆಕ್ಕ ಈಗ ನಡೆಯುವುದಿಲ್ಲ. ತೋಟ, ಕಾರು ಎಲ್ಲ ಇದ್ದವರು ‘ನಮಗೆಲ್ಲಿಂದ ಟಿಬಿ ಬರುತ್ತೆ?’ ಅಂತ ಕಫ ಕೊಡುವುದಕ್ಕೇ ಮನಸ್ಸು ಮಾಡುವುದಿಲ್ಲ. ನನಗೆ ಹೆಚ್ಚು ಚಿಂತೆ ಇವರದೇ.

ಎಕ್ಸ್‌ರೇ ನೋಡುವಾಗಲೂ ಎಡವುವುದುಂಟು. ಟಿಬಿ ಅಂದರೆ ಸಾಮಾನ್ಯವಾಗಿ ಶ್ವಾಸಕೋಶದ ಮೇಲ್ಭಾಗದಲ್ಲಿ ಬಿಳಿ ಮಚ್ಚೆ ಕಾಣುತ್ತದೆ, ಕಣ್ಣು ಮೊದಲು ಹೋಗುವುದೂ ಅಲ್ಲಿಗೇ. ಶುಗರ್ ಇದ್ದವರಲ್ಲಿ ಅದು ಕೆಳಭಾಗದಲ್ಲಿ ಕಾಣಿಸಿಕೊಳ್ಳುವುದು ಜಾಸ್ತಿ. ಎಲ್ಲರಲ್ಲೂ ಅಲ್ಲ, ಆದರೆ ಮರೆಯಬಾರದಷ್ಟು ಜನರಲ್ಲಿ. ಆಗ ಅದು ನ್ಯುಮೋನಿಯಾ ಥರವೇ ಕಾಣುತ್ತದೆ. ಆಂಟಿಬಯಾಟಿಕ್ ಕೊಡುತ್ತಾರೆ. ಲಿವೊಫ್ಲಾಕ್ಸಾಸಿನ್‌ನಂಥ ಕೆಲವು ಔಷಧ ಟಿಬಿಯನ್ನೂ ಸ್ವಲ್ಪ ದಿನ ತಗ್ಗಿಸುತ್ತವೆ. ಜ್ವರ ಬಿಟ್ಟಿತು ಅಂತ ಮನೆಗೆ ಹೋದವರು ತಿಂಗಳು ಬಿಟ್ಟು ಮತ್ತೆ ಕೆಮ್ಮುತ್ತಾ ಬರುತ್ತಾರೆ. ಅಷ್ಟರಲ್ಲಿ ಶ್ವಾಸಕೋಶದಲ್ಲಿ ಟೊಳ್ಳು ಬಿದ್ದಿರಬಹುದು. ಶುಗರ್ ಇದ್ದವರಲ್ಲಿ ಈ ಟೊಳ್ಳುಗಳೂ ಹೆಚ್ಚು. ಅದರೊಳಗೆ ರೋಗಾಣು ತುಂಬಿರುತ್ತದೆ, ಕೆಮ್ಮಿದಾಗ ಮನೆಮಂದಿಗೂ ಹರಡುತ್ತದೆ.

ಇನ್ನೊಂದು ಮಾತು, ಇದು ನಮ್ಮ ಕಡೆಯವರಿಗೇ ಹೇಳಬೇಕಾದ್ದು. ಕಫದಲ್ಲಿ ರಕ್ತ ಬಂದರೆ ಯಾರಾದರೂ ಹೆದರಿ ಓಡಿ ಬರುತ್ತಾರೆ. ಆದರೆ ಬೆಳಗಿನಿಂದ ಕವಳ, ಅಂದರೆ ಎಲೆ ಅಡಿಕೆ, ಹಾಕುವವರಿಗೆ ಅದು ಗೊತ್ತಾಗುವುದು ಹೇಗೆ? ಉಗುಳಿದ್ದೆಲ್ಲ ಕೆಂಪೇ! ಹಾಗಾಗಿ ಕೆಮ್ಮು ಎರಡು ವಾರ ದಾಟಿದರೆ ಬಣ್ಣ ನೋಡುತ್ತಾ ಕೂರಬೇಡಿ. ಬೆಳಿಗ್ಗೆ ಎದ್ದು, ಕವಳ ಹಾಕುವ ಮೊದಲು, ಬಾಯಿ ಮುಕ್ಕಳಿಸಿ, ಉಸಿರು ಆಳಕ್ಕೆ ಎಳೆದು ಕೆಮ್ಮಿ ಎದೆಯಿಂದ ಬಂದ ಕಫವನ್ನು ಡಬ್ಬಿಯಲ್ಲಿ ಹಿಡಿಯಿರಿ. ಬಾಯಿಯ ಜೊಲ್ಲು ಕೊಟ್ಟರೆ ಪರೀಕ್ಷೆ ಸುಮ್ನೆ ದಂಡ. ಇದಕ್ಕೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆವರೆಗೆ ಬಸ್ಸು ಹತ್ತಬೇಕಿಲ್ಲ, ನಿಮ್ಮ ಆರೋಗ್ಯ ಕೇಂದ್ರದಲ್ಲೋ ಆಶಾ ಕಾರ್ಯಕರ್ತೆಯ ಹತ್ತಿರವೋ ವಿಚಾರಿಸಿ. ಸರ್ಕಾರದ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಮಾತ್ರೆಯೂ ಉಚಿತ. ಟಿಬಿ ಅಂತ ಗೊತ್ತಾದವರೆಲ್ಲರಿಗೂ ಶುಗರ್ ಪರೀಕ್ಷೆ ಮಾಡುವುದೂ ಅದರಲ್ಲೇ ಸೇರಿದೆ. ಶುಗರ್ ಇದೆ ಅಂತ ಅಲ್ಲಿಯವರೆಗೆ ಗೊತ್ತೇ ಇಲ್ಲದವರು ಹೀಗೆ ಸಿಗುತ್ತಾರೆ.

ಚಿಕಿತ್ಸೆ ಸಾಮಾನ್ಯವಾಗಿ ಆರು ತಿಂಗಳು. ಮೊದಲ ಎರಡು ತಿಂಗಳು ನಾಲ್ಕು ಔಷಧ, ಆಮೇಲೆ ನಾಲ್ಕು ತಿಂಗಳು ಮೂರು. ಶುಗರ್ ಇದ್ದವರಿಗೂ ಔಷಧ ಇವೇ. ತೊಡಕಿರುವುದು ಎರಡು ಬಗೆಯ ಮಾತ್ರೆ ಒಟ್ಟಿಗೆ ಸೇರಿದಾಗ. ಟಿಬಿ ಔಷಧಗಳಲ್ಲಿ ರಿಫಾಂಪಿಸಿನ್ ಅಂತ ಒಂದಿದೆ, ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿಸುವುದು ಅದೇ. ಬಣ್ಣಕ್ಕೆ ಹೆದರಬೇಡಿ. ಆದರೆ ಅದು ಲಿವರ್‌ಗೆ ಚುರುಕು ಕೊಟ್ಟು ಗ್ಲಿಮೆಪಿರೈಡ್‌ನಂಥ ಶುಗರ್ ಮಾತ್ರೆಗಳನ್ನು ಬೇಗ ಕರಗಿಸಿ ಹಾಕುತ್ತದೆ. ಮೊನ್ನೆವರೆಗೆ ಹತೋಟಿಯಲ್ಲಿದ್ದ ಶುಗರ್ ಏರತೊಡಗುತ್ತದೆ. ಟಿಬಿಯೇ ಶುಗರ್ ಏರಿಸುವುದೂ ಉಂಟು. ಮೆಟ್‌ಫಾರ್ಮಿನ್ ಅನ್ನೋ ಶುಗರ್ ಮಾತ್ರೆಗೆ ಈ ತೊಂದರೆ ಅಷ್ಟಿಲ್ಲ. ಕೆಲವರಿಗೆ ಸ್ವಲ್ಪ ಕಾಲ ಇನ್ಸುಲಿನ್ ಬೇಕಾಗುತ್ತದೆ. ಇನ್ಸುಲಿನ್ ಅಂದ ಕೂಡಲೇ ‘ಇನ್ನು ಜೀವಮಾನವೆಲ್ಲ ಸೂಜಿ’ ಅಂತ ಕಣ್ಣೀರು ಹಾಕುವವರಿದ್ದಾರೆ. ಹಾಗೇನೂ ಅಲ್ಲ, ಎಷ್ಟೋ ಜನ ಟಿಬಿ ವಾಸಿಯಾದ ಮೇಲೆ ಮಾತ್ರೆಗೇ ಮರಳುತ್ತಾರೆ.

ಅಂಗಾಲು ಉರಿ, ಜುಮುಜುಮು ಎರಡರಿಂದಲೂ ಬರುತ್ತದೆ: ಸಕ್ಕರೆಯಿಂದ, ಐಸೋನಿಯಾಜಿಡ್ ಎಂಬ ಟಿಬಿ ಔಷಧದಿಂದ. ಅದಕ್ಕೇ ಜೊತೆಗೆ ಪಿರಿಡಾಕ್ಸಿನ್ ಅನ್ನೋ ವಿಟಮಿನ್ ಬಿ6 ಮಾತ್ರೆ ಕೊಡುವುದು. ಎಥಾಂಬುಟಾಲ್ ಎಂಬ ಇನ್ನೊಂದು ಟಿಬಿ ಔಷಧ ಕಣ್ಣಿಗೆ ತೊಂದರೆ ಕೊಡಬಹುದು, ಶುಗರ್ ಕೂಡ. ಶುರುವಿನಲ್ಲೇ ಕಣ್ಣು ತೋರಿಸಿಕೊಂಡಿದ್ದರೆ ಆಮೇಲೆ ಯಾವುದರ ಕಾಟ ಅಂತ ಗೊತ್ತಾಗುತ್ತದೆ. ಎರಡು ತಿಂಗಳಾದರೂ ಕಫದಲ್ಲಿ ರೋಗಾಣು ಹೋಗದಿರುವುದು ಶುಗರ್ ಇದ್ದವರಲ್ಲಿ ಹೆಚ್ಚು. ಅಲ್ಲಿ ಎದೆಗುಂದಿ ಮಾತ್ರೆ ಬಿಡಬಾರದು.

ಊಟದ ವಿಷಯದಲ್ಲಿ ಮನೆಯವರ ಪರದಾಟ ನೋಡಬೇಕು. ಟಿಬಿಗೆ ಚೆನ್ನಾಗಿ ತಿನ್ನಿ ಅಂತಾರೆ, ಶುಗರ್‌ಗೆ ಬಾಯಿ ಕಟ್ಟಿ ಅಂತಾರೆ. ನೋಡಲು ಬಂದ ನೆಂಟರು ಬಾಳೆಹಣ್ಣು, ಗ್ಲೂಕೋಸ್ ಪುಡಿ ಹಿಡಿದು ಬರುತ್ತಾರೆ. ಇತ್ತ ರೋಗಿ ಹೆದರಿ ಎರಡು ಹೊತ್ತೂ ಗಂಜಿ ಕುಡಿದು ಇನ್ನಷ್ಟು ಇಳಿದುಹೋಗುತ್ತಾರೆ. ಕಡುಬು ನಾಲ್ಕಿದ್ದದ್ದು ಎರಡಾಗಲಿ, ಆ ಜಾಗಕ್ಕೆ ಮೊಟ್ಟೆ, ಮೀನು, ಹೆಸರುಕಾಳು, ಹುರುಳಿ ಬರಲಿ. ಕಿಡ್ನಿ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳಿ ತಿನ್ನಬೇಕು. ಟಿಬಿ ರೋಗಿಗಳ ಊಟಕ್ಕೆಂದು ಇರುವ ಸರ್ಕಾರದ ನಿಕ್ಷಯ್ ಪೋಷಣ್ ಯೋಜನೆಯಲ್ಲಿ 2018ರಿಂದ ತಿಂಗಳಿಗೆ 500 ರೂಪಾಯಿ ಬರುತ್ತಿತ್ತು, 2024ರ ನವೆಂಬರ್‌ನಿಂದ ಅದು 1,000 ಆಗಿದೆ. ಆ ದುಡ್ಡಿನಲ್ಲಿ ಡಬ್ಬಿ ಪುಡಿ ತರುವುದಕ್ಕಿಂತ ಮೊಟ್ಟೆ ತಂದರೆ ಮೇಲು, ಅಲ್ವಾ?

ಕೊನೆಯದು, ಯಾರೂ ಅಷ್ಟಾಗಿ ಹೇಳದೆ ಬಿಡುವ ವಿಷಯ. ಟಿಬಿ ಮಾತ್ರೆ ನಿಂತ ಒಂದೆರಡು ವಾರದಲ್ಲಿ ರಿಫಾಂಪಿಸಿನ್ ಪ್ರಭಾವ ಇಳಿಯುತ್ತದೆ. ಆದರೆ ನಡುವೆ ಏರಿಸಿದ್ದ ಶುಗರ್ ಮಾತ್ರೆಯ ಡೋಸ್ ಹಾಗೇ ಉಳಿದಿರುತ್ತದೆ. ಆಗ ಶುಗರ್ ದಿಢೀರ್ ಕುಸಿಯಬಹುದು, ತೋಟದಲ್ಲಿ ಒಬ್ಬರೇ ಇದ್ದಾಗಲೂ ಆಗಬಹುದು. ಆದ್ದರಿಂದ ಟಿಬಿ ಕೋರ್ಸ್ ಮುಗಿಯುವ ವಾರವೇ ಶುಗರ್ ನೋಡುವ ಡಾಕ್ಟರ ಹತ್ತಿರ ಹೋಗಿ ಡೋಸ್ ಸರಿಮಾಡಿಸಿಕೊಳ್ಳಿ. ಟಿಬಿ ಮತ್ತೆ ಬಂದಿದೆಯಾ ಅಂತ ಎರಡು ವರ್ಷದವರೆಗೆ ಆರು ತಿಂಗಳಿಗೊಮ್ಮೆ ತೋರಿಸಿಕೊಳ್ಳಿ. ನಮಸ್ಕಾರ.